ದಫ್ತರ ಹಿಡಿಯುವ ಜಾಗ

ಆಡಿದ ಮಾತಿಗೆ ಉಗ್ರಾಣ ಬೇಕಿಲ್ಲ. ಅದು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿ ಅಡಗುತ್ತದೆ. ಬಾನುಲಿಯ ಮಾತೂ ಅಷ್ಟೆ. ಅದನ್ನು ಉಳಿಸಿಕೊಳ್ಳಬೇಕೆಂದಾಗಲೇ ಹೀಗೆ ಅಚ್ಚಿನ ಹಾಳೆ ಬೇಕಾಗುವುದು. ಬರೆಹದ ಸಂಗತಿ ಬೇರೆ. ಬರೆದದ್ದು ಎಲ್ಲಿಯಾದರೂ ಇರಬೇಕು. ಇರಬೇಕಾದರೆ ಜಾಗ ಹಿಡಿಯಬೇಕು. ಕಲ್ಲಿನ ಮೇಲೆ ಬರೆದರೆ ಕಲ್ಲಿನಷ್ಟು, ಓಲೆಯ ಮೇಲೆ ಬರೆದರೆ ಓಲೆಗಟ್ಟಿನಷ್ಟು, ಕಾಗದದ ಮೇಲೆ ಬರೆದರೆ ಬೀರುವಿನಷ್ಟು. ಈಗ ಲೆಕ್ಕಪತ್ರಗಳು ಗಣಕಯಂತ್ರದೊಳಗೆ ಸೇರಿರುವುದರಿಂದ ಅವಕ್ಕೆ ಜಾಗವೇ ಬೇಡವೆಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಅಲ್ಲಿಯೂ ಬರೆಹ ಜಾಗ ಹಿಡಿಯುತ್ತದೆ. ಎಷ್ಟು ಹಿಡಿದಿದೆ ಎಂದು ಯಾರಾದರೂ ಆಗಾಗ ನೋಡಿಕೊಳ್ಳುತ್ತಿರಬೇಕು. ಹಾಗೆ ನೋಡುವವರಿಗೆ ತಾವು ಅಳೆಯುತ್ತಿರುವುದು ಏನನ್ನು ಎಂಬುದು ತಿಳಿದಿರಬೇಕು. ತಿಳಿಯದಿದ್ದರೆ, ಜಾಗ ಉಳಿಸಹೋಗಿ ಯಾರೋ ಒಬ್ಬ ರೈತನ ಹಕ್ಕಿನ ಸಾಕ್ಷಿಯನ್ನೇ ಒರಸಿಹಾಕುವ ಸಂಭವವುಂಟು.

ಇದು ಇಂದಿನ ಪ್ರಶ್ನೆಯಂತೆ ಕಾಣುತ್ತದೆ. ಆದರೆ ನಮ್ಮ ಸಕಲೇಶಪುರ, ಆಲೂರುಗಳ ಗುಡ್ಡಗಾಡಿನಲ್ಲಿ ನೆಲದ ಲೆಕ್ಕ ಇಟ್ಟವರೆಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಇದನ್ನು ಎದುರಿಸಿದವರೇ.

ಕಲ್ಲಿನಿಂದಲೇ ಆರಂಭಿಸಬಹುದು. ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನವನ್ನು ಎಲ್ಲರೂ ಬಲ್ಲರು. ೧೯೩೬ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಕ್ರಿ. ಶ. ೪೫೦ರ ಸುಮಾರಿನದೆಂದು ವಿದ್ವಾಂಸರು ಹೇಳುವ ಆ ಕಲ್ಲಿನಲ್ಲಿರುವುದು ಹದಿನಾರೇ ಸಾಲು. ಕನ್ನಡ ಭಾಷೆಯ ಚರಿತ್ರೆಗೆ ಅದು ಮೊದಲ ಪುಟಗಳಲ್ಲಿ ಒಂದಾದರೂ, ಅದನ್ನು ಬರೆಸಿದವರ ದೃಷ್ಟಿಯಲ್ಲಿ ಅದೊಂದು ದತ್ತಿಯ ದಾಖಲೆ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ೧೯೦೨ರಲ್ಲಿ ಪ್ರಕಟಿಸಿದಾಗ ನಮ್ಮ ಸೀಮೆಯ ಕಲ್ಲುಗಳನ್ನು ಮಂಜರಾಬಾದ್ ತಾಲ್ಲೂಕಿನವೆಂದು ಬೇರೆಯಾಗಿ ಜೋಡಿಸಿದರು, ಸಕಲೇಶಪುರ ತಾಲ್ಲೂಕಿಗೆ ಆಗ ಅದೇ ಹೆಸರು. ಆ ಸಂಪುಟವನ್ನು ತಿರುವಿಹಾಕಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಶಾಸನಗಳಲ್ಲಿ ಬಹುಪಾಲು ನೆಲದ ಕೊಡುಗೆಯವು: ಇಂಥ ಕೆರೆಯ ಕೆಳಗೆ ಇಷ್ಟು ಗದ್ದೆ, ಇಂಥ ದೇವರಿಗೆ, ಇಂಥವರಿಂದ. ಬರೆಯಬೇಕಾದದ್ದು ಹೆಚ್ಚಾಗಿ ಕಲ್ಲು ಚಿಕ್ಕದಾದರೆ ರೂವಾರಿ ಅಕ್ಷರವನ್ನು ಕಿರಿದು ಮಾಡಿದ, ಇಲ್ಲವೆ ಕಲ್ಲಿನ ಪಕ್ಕಕ್ಕೆ ತಿರುಗಿದ. ಕಲ್ಲನ್ನು ಹಿಗ್ಗಿಸುವ ಉಪಾಯ ಅವನಲ್ಲಿರಲಿಲ್ಲ. ಆದ್ದರಿಂದ ಕಲ್ಲಿಗೆ ಹೋಗುತ್ತಿದ್ದುದು ಎಂದೆಂದಿಗೂ ಬದಲಾಗಬಾರದ ಮಾತು ಮಾತ್ರ. ವರ್ಷ ವರ್ಷವೂ ಬದಲಾಗುವ ಲೆಕ್ಕಕ್ಕೆ ಬೇರೆ ವಸ್ತು ಬೇಕಾಗಿತ್ತು.

ಆ ಬೇರೆ ವಸ್ತುವೇ ಕಡತ. ಹಳಗನ್ನಡದಲ್ಲಿ ಇದು ‘ಕಡಿತ’. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿ ಬರುತ್ತಾನೆ. ಲೆಕ್ಕದ ಕಡಿತಗಳ ಮೇಲ್ವಿಚಾರಣೆ ಅವನದು. ಊರಿನ ಮಟ್ಟದಲ್ಲಿ ಬರೆಯುತ್ತಿದ್ದವನು ಸೇನಬೋವ. ಅವನೇ ಮುಂದೆ ಶಾನುಭೋಗನಾದ. ಇಂದು ನಾವು ಕಚೇರಿಯ ಯಾವ ಫೈಲನ್ನಾದರೂ ಕಡತವೆನ್ನುತ್ತೇವೆ. ಆ ಹೆಸರು ಮೊದಲು ಯಾವ ವಸ್ತುವಿಗಿತ್ತೋ ಅದನ್ನು ಕಂಡವರು ಈಗ ವಿರಳ.

ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಅಚ್ಚಾದ ತನ್ನ ಚರಿತ್ರೆಯ ಗ್ರಂಥದಲ್ಲಿ ಕಡತವನ್ನು ಬಹಳ ಕುತೂಹಲದಿಂದ ವರ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆ. ಅದರ ಎರಡು ಮುಖಕ್ಕೂ ಗಂಜಿಯಂಥ ಅಂಟಿನೊಡನೆ ಇದ್ದಲಪುಡಿಯನ್ನು ಕಲಸಿ ಬಳಿದು ಒಣಗಿಸುವುದು. ಕತ್ತರಿಸದೆ ಸಮನಾದ ಮಡಿಕೆಗಳಾಗಿ ಮಡಿಸುವುದು. ಎರಡು ತುದಿಗೂ ಮರದ ಹಲಗೆ ಅಂಟಿಸುವುದು. ಚೀಲದಲ್ಲಿಟ್ಟೋ ದಾರ ಸುತ್ತಿಯೋ ಕಾಪಾಡುವುದು. ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆದರೆ ಬಿಳಿಯ ಅಕ್ಷರ ಮೂಡುತ್ತದೆ. ಬೇಡವಾದರೆ ಒರಸಿ ಮತ್ತೆ ಬರೆಯಬಹುದು. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ಇಂದಿಗೂ ಉಳಿದಿವೆ. ನೀರು ಸೋಕಿದರೆ ಅಕ್ಷರ ಹೋಗುವ ಈ ವಸ್ತುವನ್ನು ಮಳೆಗಾಲ ನಾಲ್ಕು ತಿಂಗಳು ಬಿಡದೆ ಹೊಯ್ಯುವ ಮಲೆನಾಡಿನಲ್ಲಿ ಶತಮಾನಗಟ್ಟಲೆ ಬಳಸಿದರಲ್ಲ, ಅದು ಆ ಲೆಕ್ಕಿಗರ ಜಾಗರೂಕತೆಗೆ ಸಾಕ್ಷಿ.

ಈ ಕಡತದ ಗಾತ್ರವನ್ನು ನಾವೇ ಒಮ್ಮೆ ಲೆಕ್ಕಹಾಕೋಣ. ಹದಿನೆಂಟು ಅಡಿಯ ಬಟ್ಟೆಯನ್ನು ಅರ್ಧ ಅಡಿಗೊಂದರಂತೆ ಮಡಿಸಿದರೆ ೩೬ ಮಡಿಕೆ. ಎರಡು ಮುಖ ಸೇರಿ ೭೨ ಪುಟ. ಹಲಗೆಗೆ ಅಂಟಿಕೊಂಡ ಎರಡು ಪುಟ ಬರೆಯಲು ಬರುವುದಿಲ್ಲ, ಉಳಿದದ್ದು ೭೦. ಅದರಲ್ಲಿ ಶಾನುಭೋಗ ೪೦ ಪುಟ ಬರೆದಿದ್ದಾನೆ ಎನ್ನಿ. ಈಗ ಅಮಲ್ದಾರರು ಬಂದು ‘ನಿನ್ನ ಲೆಕ್ಕ ಎಷ್ಟಿದೆ?’ ಎಂದು ಕೇಳಿದರೆ ಅವನು ಏನು ಹೇಳಬೇಕು? ಬಟ್ಟೆಯ ಉದ್ದವನ್ನೇ? ಬರೆಯಬಹುದಾದ ೭೦ ಪುಟವನ್ನೇ? ಬರೆದ ೪೦ನ್ನೇ? ಗೂಡಿನಲ್ಲಿ ಜಾಗ ಹುಡುಕುವವನಿಗೆ ಹಲಗೆ, ಚೀಲ ಎಲ್ಲ ಸೇರಿದ ಕಟ್ಟಿನ ಗಾತ್ರ ಬೇಕು. ಹೊಸ ಕಡತ ಮಾಡಿಸಬೇಕೋ ಬೇಡವೋ ಎಂದು ಯೋಚಿಸುವವನಿಗೆ ಖಾಲಿ ಪುಟ ಎಷ್ಟು ಎಂಬುದು ಬೇಕು. ಮೂರು ಉತ್ತರವೂ ನಿಜ; ಮೂರೂ ಬೇರೆ. ಇನ್ನೊಂದು ಮಾತು. ಹತ್ತು ಪುಟ ಒರಸಿದರೆ ಹೊಸದಾಗಿ ಬರೆಯಲು ಹತ್ತು ಪುಟ ದೊರೆಯುತ್ತದೆಯೇ ಹೊರತು ಹದಿನೆಂಟು ಅಡಿಯ ಬಟ್ಟೆ ಒಂದು ಅಂಗುಲವೂ ಗಿಡ್ಡವಾಗುವುದಿಲ್ಲ. ವಾಚಕರು ಈ ಮಾತನ್ನು ನೆನಪಿನಲ್ಲಿಟ್ಟಿರಬೇಕು. ಗಣಕಯಂತ್ರದ ಬಳಿಗೆ ಹೋದಾಗ ಮತ್ತೆ ಬೇಕಾಗುತ್ತದೆ.

ಕಡತದ ಕಾಲ ಮುಗಿದು ಕಾಗದದ ಕಾಲ ಬಂದಮೇಲೆ ಲೆಕ್ಕದ ಮೈ ಬೆಳೆಯತೊಡಗಿತು. ಮೈಸೂರು ಸಂಸ್ಥಾನದಲ್ಲಿ ಕಂದಾಯದ ಸರ್ವೆ ಮತ್ತು ಸೆಟಲ್‌ಮೆಂಟು ೧೮೬೩ರಲ್ಲಿ ಮುಂಬಯಿಯ ಪದ್ಧತಿಯನ್ನನುಸರಿಸಿ ಮೊದಲಾಯಿತು. ಒಂದೊಂದು ತುಂಡು ನೆಲಕ್ಕೂ ಸರ್ವೆ ನಂಬರು, ಅಳತೆಯ ಟಿಪ್ಪಣಿ, ಆಕಾರಬಂದು, ನಕ್ಷೆ. ಕಾಫಿಗೆ ಮೊದಲು ಬೆಳೆಯ ಮೇಲೆ ಹಾಲತ್ ಎಂಬ ಸುಂಕವಿತ್ತು. ಆ ಶತಮಾನ ಮುಗಿಯುವುದರೊಳಗೆ ಎಕರೆ ಲೆಕ್ಕದ ಕಂದಾಯವಾಯಿತು. ತೂಕ ಹಾಕಿ ತೆಗೆದುಕೊಳ್ಳುವ ಸುಂಕಕ್ಕೆ ರಸೀತಿ ಸಾಕು. ಎಕರೆ ಲೆಕ್ಕಕ್ಕೆ ತೋಟ ತೋಟವನ್ನೂ ಅಳೆದು ಬರೆದಿಡಬೇಕು. ಮಂಜರಾಬಾದಿನ ಕಾಫಿಯ ಇಳಿಜಾರುಗಳಲ್ಲಿ ಈ ಕೆಲಸ ಸುಲಭವಾಗಿತ್ತೆಂದು ಯಾರೂ ಹೇಳಲಾರರು. ಅಲ್ಲಿಂದ ಮುಂದೆ ಅಣ್ಣತಮ್ಮಂದಿರು ಪಾಲಾದಂತೆಲ್ಲ ಒಂದು ನಂಬರು ಒಡೆದು ಎರಡು ಹಿಸ್ಸೆಯಾಯಿತು, ಎರಡು ನಾಲ್ಕಾಯಿತು. ನೆಲ ಒಂದು ಗುಂಟೆಯೂ ಬೆಳೆಯಲಿಲ್ಲ. ಪುಸ್ತಕ ಮಾತ್ರ ದಪ್ಪವಾಯಿತು.

‘ದಫ್ತರ’ ಎಂಬ ಶಬ್ದ ನಮಗೆ ಪಾರಸಿಯಿಂದ ಬಂದದ್ದು. ಅದರ ಮೂಲ ಗ್ರೀಕಿನಲ್ಲಿದೆಯೆಂದೂ ಅಲ್ಲಿ ಅದಕ್ಕೆ ಚರ್ಮವೆಂದು ಅರ್ಥವೆಂದೂ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಚರ್ಮದ ಮೇಲೆ ಬರೆಯುತ್ತಿದ್ದುದರಿಂದ ಚರ್ಮವೇ ಲೆಕ್ಕವಾಯಿತು, ಲೆಕ್ಕ ಇಡುವ ಮನೆಯೂ ಅದೇ ಆಯಿತು. ಬರೆಹವನ್ನೂ ಅದು ಹಿಡಿಯುವ ಜಾಗವನ್ನೂ ಒಂದೇ ಹೆಸರಿನಿಂದ ಕರೆಯುವ ಅಭ್ಯಾಸ ಹೀಗೆ ಬಹಳ ಹಳೆಯದು. ‘ಪಹಣಿ’ ಮರಾಠಿಯದು, ಕಣ್ಣಾರೆ ನೋಡಿ ಬರೆದದ್ದು ಎಂದು ಅದರ ಭಾವ.

ಶಾನುಭೋಗಿಕೆ ವಂಶಪಾರಂಪರ್ಯವಾಗಿದ್ದಾಗ ಊರಿನ ದಫ್ತರ ಶಾನುಭೋಗರ ಮನೆಯಲ್ಲೇ ಇರುತ್ತಿತ್ತು: ಗೋಡೆಗೂಡಿನಲ್ಲಿ, ಪೆಟ್ಟಿಗೆಯಲ್ಲಿ, ಒಲೆಯ ಹೊಗೆ ತಾಗುವಂತೆ ಅಟ್ಟದ ಮೇಲೆ. ಹೊಗೆ ತಾಗಿದರೆ ಹುಳು ಬಾರದೆಂಬ ತಿಳಿವಳಿಕೆ. ಗ್ರಾಮ ಹುದ್ದೆಗಳನ್ನು ರದ್ದುಗೊಳಿಸುವ ೧೯೬೧ರ ಕಾಯಿದೆ ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದಿತು. ಶಾನುಭೋಗರ ಬದಲು ಗ್ರಾಮ ಲೆಕ್ಕಿಗರು ಬಂದರು. ದಫ್ತರಗಳನ್ನು ಪಟ್ಟಿ ಮಾಡಿ ಒಪ್ಪಿಸುವ ಕೆಲಸ ಆಗ ಊರೂರಿನಲ್ಲೂ ನಡೆಯಿತು. ಪಟ್ಟಿಯಲ್ಲಿ ಬರೆಯುತ್ತಿದ್ದುದು ಪುಸ್ತಕಗಳ ಸಂಖ್ಯೆಯನ್ನು. ಪುಸ್ತಕದೊಳಗೆ ಎಷ್ಟು ಹಾಳೆ ಬರೆದಿದೆ, ಎಷ್ಟು ಖಾಲಿ ಎಂಬುದನ್ನಲ್ಲ. ತಾಲ್ಲೂಕು ಕಚೇರಿಯ ದಫ್ತರಖಾನೆಯಲ್ಲಾದರೋ ಜಾಗದ ಚಿಂತೆಗೆ ಒಂದು ನಿಯಮವೇ ಇತ್ತು, ಈಗಲೂ ಇದೆ: ಶಾಶ್ವತವಾಗಿ ಇಡತಕ್ಕ ಕಾಗದಗಳು ಒಂದು ವರ್ಗ, ಇಷ್ಟಿಷ್ಟು ವರ್ಷಗಳ ಮೇಲೆ ನಾಶಪಡಿಸಬಹುದಾದವು ಬೇರೆ ಬೇರೆ ವರ್ಗ. ಯಾವುದು ಯಾವ ವರ್ಗವೆಂದು ಮೊದಲೇ ನಿಶ್ಚಯವಾಗಿರುತ್ತದೆ. ಬೀರು ತುಂಬಿತೆಂಬ ಕಾರಣಕ್ಕೆ ಗುಮಾಸ್ತೆ ಕೈಗೆ ಸಿಕ್ಕಿದ ಕಟ್ಟನ್ನು ಒಲೆಗೆ ಹಾಕುವಂತಿಲ್ಲ.

ಇಷ್ಟು ಹಿನ್ನೆಲೆಯೊಡನೆ ಇಂದಿನ ಕಾಲಕ್ಕೆ ಬರೋಣ.

೧೯೫೬ ಕನ್ನಡಿಗರು ಮರೆಯದ ವರ್ಷ. ನವೆಂಬರ್ ೧ರಂದು ಕನ್ನಡ ನಾಡು ಒಂದಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ತಿರುಗುವ ತಟ್ಟೆಗಳ ಮೇಲೆ ಲೆಕ್ಕ ಬರೆದಿಡುವ ಮೊದಲ ಯಂತ್ರವನ್ನು ಮಾರಾಟಕ್ಕೆ ತಂದಿತು. ಎರಡಡಿ ವ್ಯಾಸದ ೫೦ ತಟ್ಟೆಗಳು. ಯಂತ್ರದ ತೂಕ ಸುಮಾರು ಒಂದು ಟನ್ನು. ಅದರಲ್ಲಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರ. ಒಂದು ಪಹಣಿಗೆ ಎರಡು ಸಾವಿರ ಅಕ್ಷರವೆಂದು ಇಟ್ಟುಕೊಂಡರೆ ೨,೫೦೦ ಪಹಣಿಗೆ ಆ ಯಂತ್ರ ತುಂಬಿಹೋಗುತ್ತಿತ್ತು. ಒಂದು ಹೋಬಳಿಗೂ ಸಾಲುತ್ತಿರಲಿಲ್ಲ.

ನಮ್ಮ ರಾಜ್ಯದಲ್ಲಿ ಪಹಣಿಗಳನ್ನು ಗಣಕಕ್ಕೆ ಏರಿಸಿದ್ದು ‘ಭೂಮಿ’ ಯೋಜನೆ. ಕಂದಾಯ ಇಲಾಖೆಯೂ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವೂ ಕೂಡಿ, ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲು ಪ್ರಯೋಗ ಮಾಡಿ, ೨೦೦೨ರ ಹೊತ್ತಿಗೆ ೧೭೦ಕ್ಕೂ ಹೆಚ್ಚು ತಾಲ್ಲೂಕುಗಳಿಗೆ ಅದನ್ನು ಹರಡಿದರು. ೬೭ ಲಕ್ಷ ಭೂಮಾಲೀಕರ ಸುಮಾರು ೨ ಕೋಟಿ ದಾಖಲೆ. ಅದುವರೆಗೆ ಇವನ್ನು ಕೈಬರಹದಲ್ಲಿ ಇಟ್ಟಿದ್ದವರು ಸುಮಾರು ೯,೦೦೦ ಗ್ರಾಮ ಲೆಕ್ಕಿಗರು. ಕೈಬರಹದ ಪಹಣಿಗೆ ಅನಂತರ ಮಾನ್ಯತೆ ಇಲ್ಲವಾಯಿತು. ಮೊದಮೊದಲು ಪ್ರತಿಯೊಂದು ತಾಲ್ಲೂಕು ಕಚೇರಿಯಲ್ಲೂ ಅದರದರ ದಫ್ತರ ಅಲ್ಲಿನ ಯಂತ್ರದಲ್ಲೇ ಇತ್ತು. ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಎಲ್ಲವೂ ಕೂಡಿದುವು. ಇಂಥ ಗಣಕದ ದಫ್ತರಕ್ಕೆ ‘ಡೇಟಾಬೇಸ್’ ಎಂದು ಹೆಸರು. ‘ದತ್ತಸಂಚಯ’ ಎಂದು ಪಾರಿಭಾಷಿಕ ಕೋಶದವರು ಹೇಳುತ್ತಾರೆ, ಒಳ್ಳೆಯ ಶಬ್ದವೇ. ಆದರೆ ನನಗೆ ದಫ್ತರವೆಂಬುದೇ ಹತ್ತಿರವಾಗಿ ತೋರುತ್ತದೆ.

೨ ಕೋಟಿಯನ್ನು ೧೭೫ ತಾಲ್ಲೂಕಿಗೆ ಹಂಚಿದರೆ ಸರಾಸರಿ ಒಂದು ಲಕ್ಷ ಹದಿನಾಲ್ಕು ಸಾವಿರ ಪಹಣಿ. ಪಹಣಿಯೊಂದಕ್ಕೆ ೨,೦೦೦ ಬೈಟು ಎಂದು ಅಂದಾಜಿಗೆ ಇಟ್ಟುಕೊಳ್ಳೋಣ. ಬೈಟು ಎಂದರೆ ಗಣಕದ ಒಂದು ಅಕ್ಷರದ ಮನೆ. ಗುಣಿಸಿದರೆ ೨೩ ಕೋಟಿ ಬೈಟಿಗೆ ತುಸು ಕಡಿಮೆ. ಹಾಡು ತುಂಬಿಕೊಡುತ್ತಿದ್ದ ಒಂದು ಸಿ.ಡಿ. ತಟ್ಟೆಯ ಮೂರನೆಯ ಒಂದು ಭಾಗ! ದಫ್ತರಖಾನೆಯ ಗೋಡೆಯುದ್ದ ಬೀರುಗಳೆಲ್ಲಿ, ಇದೆಲ್ಲಿ ಎಂದು ಆಶ್ಚರ್ಯವಾಗುತ್ತದೆ. ಆದರೆ ತಾಲ್ಲೂಕಿನ ಯಂತ್ರದ ಮುಂದೆ ಕುಳಿತು ನೋಡಿದವರಿಗೆ ಲೆಕ್ಕ ಹೀಗೆ ಬರುತ್ತಿರಲಿಲ್ಲ. ಇದರ ಮೂರು ನಾಲ್ಕು ಪಟ್ಟು ಕಂಡರೆ ಅದು ಯಂತ್ರದ ತಪ್ಪೂ ಆಗಿರಲಿಲ್ಲ.

ಆ ಕಾಲದಲ್ಲಿ ಇಂಥ ದಫ್ತರ ಕಟ್ಟಲು ಬಳಕೆಯಲ್ಲಿದ್ದ ತಂತ್ರಾಂಶಗಳಲ್ಲಿ ಒಂದಾದ ಎಸ್‌ಕ್ಯೂಎಲ್ ಸರ್ವರನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅದು ತನ್ನ ಕಡತವನ್ನು ೮,೧೯೨ ಬೈಟುಗಳ ಪುಟಗಳಾಗಿ ಮಡಿಸುತ್ತದೆ. ಪ್ರತಿ ಪುಟದ ತಲೆಯಲ್ಲಿ ೯೬ ಬೈಟು ತನ್ನ ಗುರುತಿಗೆ ಇಟ್ಟುಕೊಳ್ಳುತ್ತದೆ; ಹಲಗೆಗೆ ಅಂಟಿದ ಮಡಿಕೆಯಂತೆ ಅದು ನಮಗೆ ದಕ್ಕುವುದಿಲ್ಲ. ಸಾಮಾನ್ಯವಾಗಿ ಒಂದು ದಾಖಲೆಯನ್ನು ಎರಡು ಪುಟಕ್ಕೆ ಸೀಳುವುದಿಲ್ಲ. ಎಲ್ಲ ಸೇರಿ ಒಂದು ದಾಖಲೆ ೨,೦೦೦ ಬೈಟಾದರೆ ಪುಟಕ್ಕೆ ನಾಲ್ಕು ಹಿಡಿಯುತ್ತವೆ. ೨,೧೦೦ ಆಯಿತೆನ್ನಿ: ನಾಲ್ಕು ಹಿಡಿಯಲಾರವು, ಮೂರೇ. ದಾಖಲೆ ನೂರಕ್ಕೆ ಐದರಷ್ಟು ಬೆಳೆದರೆ ಪುಟಗಳು ೨೮,೫೦೦ ಇದ್ದದ್ದು ೩೮,೦೦೦ ಆಗುತ್ತವೆ. ೨೩ ಕೋಟಿ ಬೈಟು ಇದ್ದದ್ದು ೩೧ ಕೋಟಿ ದಾಟುತ್ತದೆ. ಬಸ್ಸಿನಲ್ಲಿ ಮೂವರು ಕೂರುವ ಆಸನಕ್ಕೆ ಒಬ್ಬ ಸ್ಥೂಲಕಾಯರು ಬಂದರೆ ಇಬ್ಬರೇ ಕೂರುವುದಿಲ್ಲವೇ, ಹಾಗೆ.

ಈ ದಫ್ತರವನ್ನು ‘ನೀನು ಎಷ್ಟು ಜಾಗ ಹಿಡಿದಿದ್ದೀಯೆ?’ ಎಂದು ಕೇಳಲು ‘ಎಸ್‌ಪಿ ಸ್ಪೇಸ್‌ಯೂಸ್ಡ್’ ಎಂಬ ಒಂದು ಆಜ್ಞೆಯಿದೆ. ಅದು ಕೊಡುವ ಉತ್ತರ ಒಂದಲ್ಲ, ಹಲವು ಅಂಕಿ. ಲೆಕ್ಕ ತಿಳಿಯಲೆಂದು ನಾನೇ ಹಾಕಿಕೊಂಡ ಅಂಕಿಗಳನ್ನು ಹೇಳುತ್ತೇನೆ. ದಫ್ತರದ ಒಟ್ಟು ಗಾತ್ರ ೧,೦೦೦ ಮೆಗಾಬೈಟು ಎಂದು ಮೊದಲ ಸಾಲಿನಲ್ಲಿ ಬರುತ್ತದೆ. ಯಾರಿಗೂ ಹಂಚದೆ ಉಳಿದ ಜಾಗ ೨೦೦. ದಾಖಲೆಗಳಿಗಾಗಿ ಕಾದಿರಿಸಿದ್ದು ೪೫೦. ಆ ೪೫೦ರಲ್ಲಿ ನಿಜವಾದ ದಾಖಲೆ ೩೧೦, ಸೂಚಿ ೧೧೦, ಕಾದಿರಿಸಿಯೂ ಬರೆಯದೆ ಬಿಟ್ಟದ್ದು ೩೦. ಕೂಡಿಸಿ ನೋಡಿ: ೪೫೦, ೨೦೦ ಸೇರಿದರೆ ೬೫೦ ಆಯಿತು. ಒಟ್ಟು ೧,೦೦೦ ಎಂದಿತಲ್ಲ, ಉಳಿದ ೩೫೦ ಎಲ್ಲಿ? ಮೊದಲ ಸಲ ನೋಡಿದವರೆಲ್ಲ ಇಲ್ಲಿ ತಡೆಯುತ್ತಾರೆ. ಆ ೩೫೦ ಕಿರ್ದಿಯದು. ಒಟ್ಟು ಗಾತ್ರದಲ್ಲಿ ಅದನ್ನು ಸೇರಿಸುತ್ತಾರೆ; ಕೆಳಗಿನ ವಿವರದಲ್ಲಿ ತೋರಿಸುವುದಿಲ್ಲ.

ಕಿರ್ದಿ, ಖಾತೆ ಎಂಬ ಎರಡು ಪುಸ್ತಕಗಳ ಭೇದ ಅಂಗಡಿಯ ಲೆಕ್ಕ ಬಲ್ಲವರಿಗೆಲ್ಲ ಗೊತ್ತು. ನಡೆದದ್ದನ್ನು ನಡೆದ ಕ್ರಮದಲ್ಲಿ ಮೊದಲು ಕಿರ್ದಿಗೆ ಬರೆದು, ಆಮೇಲೆ ಅವರವರ ಖಾತೆಗೆ ಎತ್ತಬೇಕು. ಗಣಕದ ದಫ್ತರವೂ ಹಾಗೆಯೇ. ಒಬ್ಬನ ಹೆಸರಿನಿಂದ ಇನ್ನೊಬ್ಬನ ಹೆಸರಿಗೆ ಜಮೀನು ವರ್ಗವಾದರೆ ಆ ಬದಲಾವಣೆ ಮೊದಲು ಕಿರ್ದಿಗೆ ಹೋಗುತ್ತದೆ. ನಡುವೆ ವಿದ್ಯುತ್ತು ನಿಂತರೂ, ಎದ್ದಮೇಲೆ ಕಿರ್ದಿಯನ್ನು ನೋಡಿ ಯಂತ್ರ ಖಾತೆಯನ್ನು ಸರಿಮಾಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಘಾಟಿಯ ಕಡೆ ಮರ ಬಿದ್ದು ತಂತಿ ಕಡಿಯುವ ಸೀಮೆಯವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ. ಇನ್ನು ಸೂಚಿಯ ಮಾತು. ಪಹಣಿಗಳು ಸರ್ವೆ ನಂಬರಿನ ಕ್ರಮದಲ್ಲಿರುತ್ತವೆ. ‘ಇಂಥ ಹೆಸರಿನವರ ಜಮೀನು ಎಲ್ಲೆಲ್ಲಿದೆ?’ ಎಂದರೆ ಅಕಾರಾದಿಯಾದ ಇನ್ನೊಂದು ಪಟ್ಟಿ ಬೇಕು. ಅದೂ ಜಾಗ ಹಿಡಿಯುತ್ತದೆ. ಜಾಗ ಉಳಿಸಲು ಸೂಚಿಯನ್ನು ಕಿತ್ತರೆ ದಾಖಲೆ ಹೋಗುವುದಿಲ್ಲ, ಹುಡುಕುವವರ ಹೊತ್ತು ಹೋಗುತ್ತದೆ.

ಡಿಸ್ಕು ತುಂಬುತ್ತ ಬಂದಿತು ಎಂದುಕೊಳ್ಳಿ. ಕಿರ್ದಿಗೆ ಜಾಗವಿಲ್ಲದಿದ್ದರೆ ಪಹಣಿಯನ್ನು ಓದಿ ಕೊಡುವುದು ನಡೆಯುತ್ತದೆ, ಹೊಸ ವರ್ಗಾವಣೆ ಬರೆಯುವುದು ನಿಲ್ಲುತ್ತದೆ. ಕಟಕಟೆಯ ಮುಂದೆ ಸಾಲು ಬೆಳೆಯುತ್ತದೆ. ಆಗ ಅವಸರದಲ್ಲಿ ಹೊಳೆಯುವ ಉಪಾಯವೆಂದರೆ, ಹಳೆಯ ದಾಖಲೆ ಒಂದಿಷ್ಟನ್ನು ಅಳಿಸುವುದು. ಹತ್ತು ವರ್ಷದ ಹಿಂದಿನ ವರ್ಗಾವಣೆಯ ವಿವರ ಯಾರಿಗೆ ಬೇಕು? ಇಲ್ಲಿ ಕಡತದ ಬಟ್ಟೆಯನ್ನು ನೆನೆಯಬೇಕು. ದಾಖಲೆ ಅಳಿಸಿದರೆ ಪುಟ ಖಾಲಿಯಾಗುತ್ತದೆ, ಡಿಸ್ಕಿನ ಮೇಲೆ ದಫ್ತರದ ಗಾತ್ರ ಅಷ್ಟೇ ಇರುತ್ತದೆ. ಅಷ್ಟೇ ಅಲ್ಲ, ಅಳಿಸುವುದೂ ಒಂದು ವ್ಯವಹಾರವಾದ್ದರಿಂದ ಅದನ್ನೂ ಮೊದಲು ಕಿರ್ದಿಯಲ್ಲಿ ಬರೆಯಬೇಕು. ತುಂಬಿದ ಕಿರ್ದಿ ಇನ್ನಷ್ಟು ತುಂಬುತ್ತದೆ! ನಿಜವಾದ ಮದ್ದು ಬೇರೆ ಕಡೆ ಇದೆ. ಕಿರ್ದಿಯ ನಕಲನ್ನು ಕಾಲಕಾಲಕ್ಕೆ ಬೇರೆ ಕಡೆ ತೆಗೆದಿಟ್ಟರೆ, ಹಾಗೆ ತೆಗೆದಿಟ್ಟ ಭಾಗದ ಜಾಗವನ್ನು ಯಂತ್ರ ಮತ್ತೆ ಬಳಸಿಕೊ‍ಳ್ಳುತ್ತದೆ. ಆ ನಕಲು ತೆಗೆಯುವುದನ್ನು ತಿಂಗಳುಗಟ್ಟಲೆ ಮರೆತಲ್ಲಿ ಕಿರ್ದಿ ದಾಖಲೆಗಿಂತ ದೊಡ್ಡದಾಗಿ ಕುಳಿತಿರುವುದುಂಟು. ಅಂಥ ಕಡೆ ಒಟ್ಟು ಗಾತ್ರವೊಂದನ್ನೇ ನೋಡಿ ‘ದಾಖಲೆ ಹೆಚ್ಚಾಯಿತು’ ಎಂದು ತೀರ್ಮಾನಿಸುವುದು, ಹಲಗೆ ಚೀಲಗಳನ್ನು ತೂಗಿ ‘ಲೆಕ್ಕ ಭಾರವಾಯಿತು’ ಎಂದಂತೆ.

ತಂತ್ರಾಂಶ ಬದಲಾದರೆ ಅಳೆಯುವ ಆಜ್ಞೆಯೂ ಬದಲಾಗುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ‘ಪಿಜಿ ಡೇಟಾಬೇಸ್ ಸೈಜ್’ ಎಂದು ಕೇಳಬೇಕು. ಅದರ ನಡತೆ ಕಾಗದದ ಪುಸ್ತಕದಂತೆ: ತಿದ್ದುವಾಗ ಹಳೆಯ ಸಾಲಿಗೆ ಗೆರೆ ಎಳೆದು ಕೆಳಗೆ ಹೊಸ ಸಾಲು ಬರೆಯುತ್ತದೆ. ಗೆರೆ ಎಳೆದ ಸಾಲುಗಳ ಜಾಗವನ್ನು ಮರುಬಳಕೆಗೆ ಬಿಡಿಸುವ ಕೆಲಸಕ್ಕೆ ಅಲ್ಲಿ ‘ವ್ಯಾಕ್ಯೂಮ್’ ಎಂದು ಹೆಸರು. ಅಂಕಿಗಳು ಕೆಲವು ಸಲ ವಾಸ್ತವದಿಂದ ಹಿಂದೆ ಬೀಳುವುದೂ ಉಂಟು; ಎಸ್‌ಕ್ಯೂಎಲ್ ಸರ್ವರಿನಲ್ಲಿ ಅವನ್ನು ಮತ್ತೆ ಎಣಿಸಿ ಸರಿಪಡಿಸುವ ಆಜ್ಞೆ ಬೇರೆ ಇದೆ. ನಮ್ಮ ಕಂದಾಯದವರ ಜಮಾಬಂದಿ ಮಾಡುತ್ತಿದ್ದುದು ಅದನ್ನೇ: ಮೇಲಧಿಕಾರಿ ಊರಿಗೆ ಬಂದು ಪುಸ್ತಕ ಹೇಳುವುದಕ್ಕೂ ಇರುವುದಕ್ಕೂ ತಾಳೆ ನೋಡುವುದು.

ಕನ್ನಡ ಪಾಠ ಹೇಳುವವನಿಗೆ ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಒಂದು ಅಕ್ಷರಕ್ಕೆ ಒಂದು ಬೈಟು ಎಂಬುದು ಇಂಗ್ಲಿಷಿಗೆ ಸಲ್ಲುವ ಮಾತು. ‘ಸಕಲೇಶಪುರ’ವನ್ನು ಗಣಕ ಎಂಟು ಸಂಕೇತಗಳಾಗಿ ಬಿಡಿಸಿಕೊಳ್ಳುತ್ತದೆ: ಆರು ವ್ಯಂಜನ, ಜೊತೆಗೆ ಏತ್ವ ಮತ್ತು ಕೊಂಬು. ೧೯೯೧ರ ಭಾರತೀಯ ಲಿಪಿಸಂಕೇತವಾದ ಇಸ್ಕಿಯಲ್ಲಿ ಅದಕ್ಕೆ ೮ ಬೈಟು. ಈಗ ಲೋಕವೆಲ್ಲ ಒಪ್ಪಿರುವ ಯೂನಿಕೋಡಿನಲ್ಲಿ ಯುಟಿಎಫ್-೧೬ ಎಂಬ ಬಗೆಯಲ್ಲಿ ಬರೆದರೆ ೧೬. ಯುಟಿಎಫ್-೮ ಎಂಬ ಬಗೆಯಲ್ಲಿ ೨೪. ‘ಆಲೂರು’ ಎಂಬುದಕ್ಕೆ ೫, ೧೦, ೧೫. ನೋಡಲು ಒಂದೇ ಅಕ್ಷರವಾದ ‘ಶ್ರೀ’ ನಾಲ್ಕು ಸಂಕೇತ. ಕೊನೆಯ ಬಗೆಯಲ್ಲಿ ೧೨ ಬೈಟು. ರೈತರ ಹೆಸರಿನ ಹಿಂದೆ ಶ್ರೀ ಹಾಕುವ ಸೌಜನ್ಯಕ್ಕೂ ತೆರಿಗೆಯುಂಟು! ಇದು ಹಾಸ್ಯವಾದರೂ, ಮೇಲೆ ಹೇಳಿದ ೨,೦೦೦, ೨,೧೦೦ರ ಲೆಕ್ಕಕ್ಕೆ ಇದು ನೇರವಾಗಿ ತಟ್ಟುತ್ತದೆ. ಕನ್ನಡ ಹೆಚ್ಚು ಜಾಗ ಹಿಡಿಯುತ್ತದೆಂದು ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದಿಡೋಣವೇ? ಬೇಡ. ‘ಹಳ್ಳಿ’ಯ ಳಕಾರವೂ ‘ಹಲಸು’ವಿನ ಲಕಾರವೂ ಅಲ್ಲಿ ಒಂದೇ ಆಗುತ್ತವೆ. ಇಬ್ಬರು ಖಾತೆದಾರರ ಹೆಸರು ಹೀಗೆ ಒಂದಾದರೆ ಬರುವ ವ್ಯಾಜ್ಯದ ಕಾಗದ ಹಿಡಿಯುವ ಜಾಗ ಬಹಳ ದೊಡ್ಡದು.

ಅಳಿಸುವ ಮಾತಿಗೆ ಮತ್ತೆ ಬರುತ್ತೇನೆ. ನಮ್ಮ ಸೀಮೆಯಲ್ಲಿ ಅದಕ್ಕೆ ಕಣ್ಣಿಗೆ ಕಾಣುವ ಉದಾಹರಣೆ ಇದೆ. ಸಕಲೇಶಪುರದ ಸೇತುವೆಯ ಕೆಳಗೆ ಹರಿಯುವ ಹೇಮಾವತಿಗೆ ಗೊರೂರಿನ ಬಳಿ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಮುಗಿಯಿತು. ಹಿನ್ನೀರು ಆಲೂರಿನ ಕಡೆಗೆ ಹಬ್ಬಿ ಗದ್ದೆ, ಮನೆ, ಊರುಗಳು ನೀರಿನಡಿಯಾದುವು. ಬೇಸಗೆಯಲ್ಲಿ ನೀರು ಇಳಿದಾಗ ಹಳೆಯ ಬದುಗಳ ಗೆರೆ ಕಾಣುವುದುಂಟು. ಆ ನೆಲವನ್ನು ಉಳುವವರಿಲ್ಲ, ಅದಕ್ಕೆ ಕಂದಾಯವಿಲ್ಲ. ಜಾಗದ ದೃಷ್ಟಿಯಿಂದ ನೋಡುವವರಿಗೆ ಅದರ ಪಹಣಿಗಿಂತ ನಿರುಪಯೋಗವಾದದ್ದು ಇನ್ನೊಂದಿಲ್ಲ. ಆದರೆ ಮುಳುಗಡೆಯಾದವರಿಗೆ ಪರಿಹಾರ ಕೊಟ್ಟದ್ದೂ ಬದಲಿ ಜಮೀನು ಮಂಜೂರಾದದ್ದೂ ಆ ನಂಬರುಗಳ ಆಧಾರದ ಮೇಲೆಯೇ. ಯಾರ ತಂದೆಗೆ ಎಷ್ಟು ಗುಂಟೆ ಇತ್ತು, ಅದಕ್ಕೆ ಬದಲು ಎಲ್ಲಿ ಕೊಟ್ಟರು ಎಂಬ ಪ್ರಶ್ನೆ ಮಕ್ಕಳ, ಮೊಮ್ಮಕ್ಕಳ ಕಾಲದಲ್ಲೂ ಏಳುತ್ತದೆ. ನೆಲ ನೀರಿನಡಿ ಹೋದಮೇಲೆ ಅದು ಇತ್ತೆನ್ನುವುದಕ್ಕೆ ಉಳಿದಿರುವುದು ದಫ್ತರದ ಆ ಸಾಲು ಮಾತ್ರ. ಅದು ಹಿಡಿದಿರುವ ಜಾಗ ಎರಡು ಸಾವಿರ ಬೈಟು. ಅಳಿಸಿದರೆ ಆ ಎರಡು ಸಾವಿರವೂ ಡಿಸ್ಕಿಗೆ ಹಿಂದಿರುಗುವುದಿಲ್ಲವೆಂಬುದನ್ನು ಆಗಲೇ ಕಂಡೆವು.

ಈಚೆಗೆ ಈ ಲೆಕ್ಕ ಇನ್ನೊಂದು ಮಗ್ಗುಲಿಗೆ ಹೊರಳಿದೆ. ತಾಲ್ಲೂಕು ಕಚೇರಿಗಳ ಹಳೆಯ ಕಾಗದಗಳನ್ನೇ ಪುಟ ಪುಟವಾಗಿ ಚಿತ್ರ ತೆಗೆದಿಡುವ ‘ಭೂ ಸುರಕ್ಷಾ’ ಕಾರ್ಯವನ್ನು ಕಂದಾಯ ಇಲಾಖೆ ೨೦೨೪ರಲ್ಲಿ, ಜಿಲ್ಲೆಗೊಂದರಂತೆ ತಾಲ್ಲೂಕುಗಳನ್ನು ಆರಿಸಿಕೊಂಡು, ಕೈಗೆತ್ತಿಕೊಂಡಿತು. ಗೆದ್ದಲು, ಥಂಡಿಗಳಿಂದ ಮಲೆನಾಡಿನ ಕಾಗದ ಎಷ್ಟು ಬೇಗ ಪುಡಿಯಾಗುತ್ತದೆಂಬುದನ್ನು ಬಲ್ಲವರು ಇದನ್ನು ಮೆಚ್ಚಲೇಬೇಕು. ಆದರೆ ಅಕ್ಷರಕ್ಕೂ ಅಕ್ಷರದ ಚಿತ್ರಕ್ಕೂ ಅಂತರ ಬಹಳ. ಸಾಮಾನ್ಯ ಅಳತೆಯ ಒಂದು ಹಾಳೆಯನ್ನು ಅಂಗುಲಕ್ಕೆ ೩೦೦ ಚುಕ್ಕೆಯಂತೆ ತೆಗೆದರೆ ೮೭ ಲಕ್ಷ ಚುಕ್ಕೆ. ಬೂದುಬಣ್ಣದಲ್ಲಿ ಚುಕ್ಕೆಗೊಂದು ಬೈಟು. ಅದನ್ನು ಅದುಮಿ ಐದು ಲಕ್ಷಕ್ಕೆ ಇಳಿಸಿದರೂ ೨೫೦ ಪಹಣಿಗಳ ಜಾಗವನ್ನು ಒಂದೇ ಹಾಳೆ ನುಂಗುತ್ತದೆ. ಒಂದು ಕಚೇರಿಯಲ್ಲಿ ಹತ್ತು ಲಕ್ಷ ಹಾಳೆ ಎಂದಿಟ್ಟುಕೊಂಡರೆ ೫೦೦ ಗಿಗಾಬೈಟು. ಮೇಲೆ ಲೆಕ್ಕಹಾಕಿದ ಪಹಣಿಯ ದಫ್ತರದ ಎರಡು ಸಾವಿರ ಪಟ್ಟಿಗೂ ಹೆಚ್ಚು.

ಇಂಥ ಚಿತ್ರಗಳನ್ನು ಎರಡು ರೀತಿಯಲ್ಲಿ ಇಡಬಹುದು. ದಫ್ತರದ ಒಳಗೇ ಸೇರಿಸುವುದು ಒಂದು. ಚಿತ್ರಗಳನ್ನು ಡಿಸ್ಕಿನ ಮೇಲೆ ಬಿಡಿಬಿಡಿಯಾಗಿಟ್ಟು, ಯಾವ ಚಿತ್ರ ಎಲ್ಲಿದೆ ಎಂಬ ವಿಳಾಸವನ್ನಷ್ಟೇ ದಫ್ತರದಲ್ಲಿ ಬರೆಯುವುದು ಇನ್ನೊಂದು. ಎರಡನೆಯ ರೀತಿ ಹಲವು ಕಡೆ ರೂಢಿಯಲ್ಲಿದೆ. ಅಲ್ಲಿ ದಫ್ತರವನ್ನು ‘ಎಷ್ಟು ಜಾಗ ಹಿಡಿದಿದ್ದೀಯೆ?’ ಎಂದು ಕೇಳಿದರೆ ಅದು ವಿಳಾಸಗಳ ಜಾಗವನ್ನು ಮಾತ್ರ ಹೇಳುತ್ತದೆ, ಚಿತ್ರಗಳನ್ನು ಎಣಿಸುವುದಿಲ್ಲ. ಶಾನುಭೋಗರು ಒಪ್ಪಿಸಿದ ಪಟ್ಟಿಯಲ್ಲಿ ಪುಸ್ತಕಗಳೆಲ್ಲ ಇದ್ದು, ಅಟ್ಟದ ಪೆಟ್ಟಿಗೆಯಲ್ಲಿದ್ದ ಬಿಡಿ ಕಾಗದಗಳು ಇರದಿದ್ದಂತೆ. ಅವನ್ನು ಎಣಿಸಬೇಕಾದರೆ ಬೇರೆಯಾಗಿಯೇ ಹೋಗಿ ಡಿಸ್ಕನ್ನು ನೋಡಬೇಕು. ನಕಲು ತೆಗೆದಿಡುವಾಗಲೂ ದಫ್ತರವನ್ನೂ ಚಿತ್ರಗಳನ್ನೂ ಒಟ್ಟಿಗೆ ತೆಗೆಯಬೇಕು.